ಗೋಡೆಗೆ ತೊಡಿಸಿದ ರವಿಕೆ

ಗುಬ್ಬಿ
೬-೧೦-೧೯೮೨

ಮಹಿಳಾ ಸಂಘದ ಕಾರ್ಯದರ್ಶಿ ಕೌಸಲ್ಯಮ್ಮನವರಿಗೆ ವನಮಾಲಾ ಮಾಡುವ ನಮಸ್ಕಾರಗಳು.

ತುಮಕೂರಿನ ನಿಮ್ಮ ಹೊಲಿಗೆ ಪ್ರದರ್ಶನಕ್ಕೆ ನಾನು ಕೊಟ್ಟದ್ದು ಸೋಫಾ ಕವರ್ ಅಲ್ಲ. ಅದು ನಮ್ಮಜ್ಜಿಯ, ಅಂದರೆ ನಮ್ಮ ತಂದೆಯ ಸೋದರತ್ತೆಯ, ಕೆಂಪು ಸೀರೆ. ಹನ್ನೆರಡನೇ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ತಲೆ ಬೋಳಿಸಿಕೊಂಡು, ಅಂದಿನಿಂದ ರವಿಕೆಯಿಲ್ಲದೆ ಉಟ್ಟ ಬಣ್ಣ ಅದು. ಅದರ ಮೇಲೆ ಅವರ ಅಳತೆಗೇ ಒಂದು ಹಸಿರು ರವಿಕೆ ಹೊಲಿದು ಕೂರಿಸಿದ್ದೆ.

"ಉದ್ಘಾಟನೆಗೆ ದೀಪ ಹಚ್ಚೋ ದಿನ ವಿಧವೆ ಸೀರೆ ಎದುರಿಗೆ ಬೇಡಮ್ಮ" ಎಂದು ನೀವು ಅದನ್ನು ಹಿಂದಿನ ಕೋಣೆಯ ಗೋಡೆಗೆ ಹಾಕಿಸಿದಿರಿ. ಜರಿ ಅಂಚು ಹಚ್ಚಿದ್ದರೆ ಬಹುಮಾನ ಕೊಡಬಹುದಿತ್ತು ಎಂದೂ ಅಂದಿರಿ. ಬಹುಮಾನ ನೀವೇ ಇಟ್ಟುಕೊಳ್ಳಿ. ಅಜ್ಜಿ ನನ್ನ ಪಕ್ಕದಲ್ಲೇ ನಿಂತಿದ್ದರು. ಅವರಿಗೆ ಕಿವಿ ಚೆನ್ನಾಗಿಯೇ ಕೇಳಿಸುತ್ತದೆ.

ಗುಬ್ಬಿಯಲ್ಲಿ ಬಸ್ಸಿನಿಂದ ಇಳಿಯುವಾಗ ಅವರು ಹೇಳಿದರು: "ಗೋಡೆಗ್ಯಾಕೇ ರವಿಕೆ? ಬಿಚ್ಚಿ ಕೊಡೇ, ನಾನೇ ಹಾಕ್ಕೋತೀನಿ."

ಆದ್ದರಿಂದ ಪ್ರದರ್ಶನ ಮುಗಿಯುವವರೆಗೆ ಕಾಯಲಾರೆ. ಇಸ್ತ್ರಿ ಮಾಡಿಸಬೇಡಿ, ಅಂಚು ಹಚ್ಚಬೇಡಿ. ಈ ಪತ್ರ ತಂದವರ ಕೈಯಲ್ಲೇ ಕೊಟ್ಟು ಕಳುಹಿಸಿ. ಯಾರೂ ತೊಡುವುದಿಲ್ಲವೆಂದು ನಾನೂ ಆ ರವಿಕೆಗೆ ಹುಕ್ ಇಟ್ಟಿರಲಿಲ್ಲ. ಈಗ ಇಡಬೇಕು.

ಇಂತಿ,
ವನಮಾಲಾ