ತೀರ್ಥವನ್ನು ಕುಡಿತಕ್ಕೆ ಜಮೆ ಮಾಡಿದವರಿಗೆ

ಮಾನ್ಯ ಆಸ್ಪತ್ರೆ ಅಧೀಕ್ಷಕರೇ,

ನನ್ನ ಹೆಂಡತಿ ಅಮೃತಬಾಯಿ ಕುಡಿದು ಸತ್ತಳೆಂದು ಕಳೆದ ವಾರ ನಾರಾಯಣಖೇಡದ ಸಂತೆಯಲ್ಲಿ ಮೈಕು ಹಿಡಿದು ಹೇಳಿದಿರಿ. ಹೆಸರು ಹೇಳಲಿಲ್ಲ, ನಿಮ್ಮ ಸಭ್ಯತೆ ದೊಡ್ಡದು. ‘ನಾಗಲಗಿದ್ದ ಕಡೆಯ, ಕುರಿ ಸಾಕುವ ಮನೆಯ ಹೆಣ್ಣುಮಗಳು, ಈ ವರ್ಷವೇ ತೀರಿಕೊಂಡಳು’ ಎಂದಿರಿ. ನಮ್ಮ ಕಡೆ ಇಷ್ಟು ಹೇಳಿದ ಮೇಲೆ ಹೆಸರು ಯಾಕೆ ಬೇಕು? ಅವಳು ಸತ್ತದ್ದು ಪಿತ್ತಕೋಶದ ಹರಳಿನಿಂದ. ಅದು ನಿಮಗೆ ಗೊತ್ತಿತ್ತು. ಹೈದರಾಬಾದಿನ ಸ್ಕ್ಯಾನನ್ನು ನಿಮ್ಮ ಕೈಗೆ ಕೊಟ್ಟವನು ನಾನೇ.

ಯಾಕೆ ಕೊಟ್ಟೆ? ಅವಳು ತೀರಿಕೊಂಡ ಮೇಲೆ ನೀವು ನಮ್ಮ ಮನೆಗೆ ಬಂದು, ಕಂಬಳಿಯ ಮೇಲೆ ಕೂತು, ‘ಅಕ್ಯೂಟ್ ಪ್ಯಾಂಕ್ರಿಯಾಟೈಟಿಸ್ ಯಾರಿಗೆ, ಯಾಕೆ ಬರುತ್ತದೆಂದು ನಮ್ಮ ರೋಗಿಗಳಲ್ಲಿ ಸರ್ವೆ ಮಾಡುತ್ತಿದ್ದೇವೆ, ಭೀಮಶಾ ಅವರೇ, ನಿಮ್ಮಾಕೆಯಿಂದ ನಾಲ್ಕು ಜನ ಉಳಿಯುತ್ತಾರೆ’ ಎಂದಿರಿ. ನನಗೆ ಎದೆ ತುಂಬಿ ಬಂತು. ರೋಗ ಯಾರಿಗೆ, ಯಾಕೆ ಎಂದು ಲೆಕ್ಕ ಹಾಕುವ ಈ ವಿದ್ಯೆಗೆ ಎಪಿಡೆಮಿಯಾಲಜಿ ಎನ್ನುತ್ತಾರೆಂದು ನಿಮ್ಮಿಂದ ಅಂದೇ ಕೇಳಿದ್ದು. ಜಹೀರಾಬಾದಿನಲ್ಲಿ ಬಿ.ಎ. ಅರ್ಧಕ್ಕೆ ಬಿಟ್ಟವನು ನಾನು. ನಮ್ಮ ಲೆಕ್ಚರರ್ ‘ಫಸ್ಟ್ ಅಬ್ಸರ್ವ್, ದೆನ್ ಕನ್‌ಕ್ಲೂಡ್’ ಎಂದೇನೋ ಹೇಳುತ್ತಿದ್ದರು, ಅಥವಾ ಅದು ಹಿಂದುಮುಂದೋ, ಈಗ ಸರಿಯಾಗಿ ನೆನಪಿಲ್ಲ. ನಿಮಗೂ ಮರೆತಿರಬೇಕು.

ಅವಳನ್ನು ನಿಮ್ಮ ದವಾಖಾನೆಗೆ ತಂದ ದಿನ ನೋವು ಹೊಟ್ಟೆಯಿಂದ ಬೆನ್ನಿಗೆ ಹೊಡೆಯುತ್ತಿತ್ತು. ನಿಮ್ಮ ಡಾಕ್ಟರರು ರಕ್ತ ತೆಗೆಸಿ, ಹೊಟ್ಟೆಯೊಳಗಿನ ಪ್ಯಾಂಕ್ರಿಯಾಸ್ ಗ್ರಂಥಿ ಊದಿಕೊಂಡಿದೆ ಎಂದರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ.

“ಸೇಂದಿ ಕುಡಿತೀರೇನಮ್ಮಾ?”

“ಇಲ್ರಿ ಸಾಬ್. ಪೋಚಮ್ಮ ದೇವಿಗ ಏರ್ಸಿದ್ದು ವರ್ಷಕ್ಕೊಮ್ಮಿ ನಾಲಿಗಿಗಿ ಹಚ್ಕೋತೀನಿ. ಝೂಟ್ ಯಾಕ ಹೇಳ್ಲಿ?”

“ಅಂದ್ರೆ ಕುಡಿತೀರಿ.”

“ತೀರ್ಥ ತೊಗೊಂಡ್ರ ಕುಡ್ದಂಗ ಏನ್ರಿ? ಹಂಗಾದ್ರ ನಮ್ಮೂರ ಪೂಜಾರಿಗಿ ಮೊದ್ಲ ಪಲಂಗ ಕೊಡ್ರಿ.”

ಆ ನೋವಿನಲ್ಲೂ ಅವಳು ಹೀಗೆಂದಳು, ನರ್ಸಮ್ಮ ನಕ್ಕರು. ಡಾಕ್ಟರರು ನಗಲಿಲ್ಲ. ಕಾರಣ ಸಿಕ್ಕಿತ್ತಲ್ಲ, ಇನ್ನು ಹುಡುಕುವುದೇನಿದೆ? ಪಿತ್ತಕೋಶದ ಸ್ಕ್ಯಾನ್ ಆಗಲೇ ಇಲ್ಲ. ಕುಡಿಯುವುದು ಬಿಡಿ ಎಂದು ಬುದ್ಧಿ ಹೇಳಿ ಮನೆಗೆ ಕಳಿಸಿದರು. ನೋವು ಮರಳಿ ಬಂದಾಗ ಹೈದರಾಬಾದಿಗೆ ಒಯ್ದೆ. ಅಲ್ಲಿಯ ಡಾಕ್ಟರರು ಹರಳು ತೋರಿಸಿ, ಪ್ಯಾಂಕ್ರಿಯಾಸ್ ಊದಿದ್ದು ಇದರಿಂದ, ಹೆಂಗಸರಲ್ಲಿ ಬಹಳ ಮಟ್ಟಿಗೆ ಕಾರಣ ಇದೇ, ಮೊದಲೇ ನೋಡಿದ್ದರೆ, ಎಂದು ಮಾತು ಅರ್ಧಕ್ಕೆ ನಿಲ್ಲಿಸಿದರು. ಸೇಂದಿ ಕುಡಿಯುವವನು ನಾನು, ಸ್ವಾಮಿ. ಸಂಜೆಯಾದರೆ ಈಚಲ ಮರದ ಕೆಳಗೆ ಕೂರುವ ನನ್ನ ಪ್ಯಾಂಕ್ರಿಯಾಸ್ ಗಟ್ಟಿಯಾಗಿದೆ. ನಿಮ್ಮ ಸರ್ವೆಯಲ್ಲಿ ನನಗೆ ಜಾಗವಿಲ್ಲ.

ದೇವಿಯ ತೀರ್ಥದ ವಿಷಯದಲ್ಲಿ ಸುಳ್ಳು ಹೇಳಬಾರದೆಂದು ನಿಜ ನುಡಿದವಳನ್ನು, ಸ್ಕ್ಯಾನ್ ಕೈಯಲ್ಲಿದ್ದೂ, ಕುಡುಕರ ಸಾಲಿನಲ್ಲೇ ಇಟ್ಟಿರಿ. ಆ ಸಾಲಿನಲ್ಲಿ ಹರಳಿನವರು ಇನ್ನೆಷ್ಟು ಮಂದಿ ಇದ್ದಾರೆ? ನೋಡದೇ ಬಿಟ್ಟದ್ದು ಲೆಕ್ಕಕ್ಕೆ ಹೇಗೆ ಬರುತ್ತದೆ? ಕುಡಿತವನ್ನು ಕೇಳಿದಿರಿ, ಕುಡಿತ ಸಿಕ್ಕಿತು. ಅದಕ್ಕೇ ಬಣ್ಣದ ಚಿತ್ರ ಬರೆಸಿ ಸಂತೆಗೆ ತಂದಿರಿ. ಸಭೆ ಮುಗಿದ ಮೇಲೆ ತೊಗರಿ ವ್ಯಾಪಾರಿ ಪಾಂಡಪ್ಪ ನನ್ನ ಹೆಗಲು ತಟ್ಟಿದ. “ಏನೋ ಭೀಮಶಾ, ಮನ್ಯಾಗ ಕುಡ್ದಾಕಿ ಆಕಿ, ಊರಾಗ ಬದ್ನಾಮ್ ನೀ ಆಗಿದ್ದಿ ನೋಡು.” ಅವನ ತಪ್ಪೇನು? ನಿಮ್ಮ ಮಾತನ್ನು ನಂಬಿದ, ನಾನು ನಂಬಿದ ಹಾಗೆಯೇ.

ಅದೂ ಹೋಗಲಿ. ಅವಳ ತಂಗಿ ಪೀರಮ್ಮನಿಗೆ ಈಗ ಅದೇ ಜಾಗದಲ್ಲಿ ನೋವು. ನಿನ್ನೆ ಕರೆಯಲು ಹೋದೆ. ಮೊಣಕಾಲು ಹೊಟ್ಟೆಗೆ ಒತ್ತಿಕೊಂಡು ಮಲಗಿದ್ದಳು.

“ನಾ ಬರಂಗಿಲ್ಲ ಭಾವಾ. ಅಕ್ಕನ ಸಾಲಿನ್ಯಾಗ ನನಗೂ ಕೂಡಸ್ತಾರ. ಮಗಳಿಗಿ ನೋಡಾಕ ಬರೋರು ಅದಾರ.”

“ಸೇಂದಿ ನಾಲಿಗಿಗೂ ಹಚ್ಚಿಲ್ಲ ಅನ್ನು, ಮುಗೀತು.”

“ತಾಯಿ ತೀರ್ಥದ ಮ್ಯಾಲ ಝೂಟ್ ಹೇಳ್ಲೇನು? ಸಾಯೋ ನೋವಿನ್ಯಾಗ ಅಕ್ಕ ಹೇಳಿಲ್ಲ, ನಾ ಹೇಳ್ತೀನಾ?”

ನಾಲ್ಕು ಜನ ಉಳಿಯುತ್ತಾರೆ ಎಂದಿದ್ದಿರಲ್ಲ, ಉಳಿಯಬೇಕಾದವಳು ನಿಮ್ಮ ಲೆಕ್ಕಕ್ಕೆ ಹೆದರಿ ಗೋಡೆಗೆ ಮುಖ ಮಾಡಿ ಮಲಗಿದ್ದಾಳೆ.

ಬರುವ ಸಂತೆಯ ದಿನ, ಅದೇ ಮೈಕಿನಲ್ಲಿ, ಈ ಸಲ ಹೆಸರಿಟ್ಟು, ಅಮೃತಬಾಯಿ ಸತ್ತದ್ದು ಹರಳಿನಿಂದ, ನಾವು ನೋಡಲಿಲ್ಲ ಎಂದು ಹೇಳಿ. ಈ ನೋವು ಹೊತ್ತು ಬಂದವರು ಯಾರೇ ಇರಲಿ, ಪಿತ್ತಕೋಶ ನೋಡದೆ ಕಾರಣ ಬರೆಯಬೇಡಿ. ಸಂತೆಯ ತನಕ ಪೀರಮ್ಮ ತಡೆದಾಳೋ ಇಲ್ಲವೋ ತಿಳಿಯದು. ಅದಕ್ಕೂ ಮೊದಲೇ ನೋವು ಏರಿದರೆ, ಅವಳು ಬೈದರೂ ಸರಿ, ಜೀಪಿಗೆ ಹಾಕಿಕೊಂಡು ನಿಮ್ಮಲ್ಲಿಗೇ ತರುತ್ತೇನೆ. ಸೇಂದಿಯ ಪ್ರಶ್ನೆಯನ್ನು ಬಾಗಿಲಲ್ಲಿ ನಿಂತ ನನಗೆ ಕೇಳಿ, ಬೇಕಾದಷ್ಟು ಬರೆದುಕೊಳ್ಳಿ. ಅವಳನ್ನು ನೇರ ಸ್ಕ್ಯಾನಿಗೆ ಒಯ್ಯಿರಿ.

ಇಂತಿ,
ಹತ್ತಿರದಲ್ಲಿ ಬೇರೆ ದವಾಖಾನೆ ಇಲ್ಲದ್ದರಿಂದ ಇನ್ನೂ ನಿಮ್ಮವನೇ ಆದ,
ಭೀಮಶಾ
ನಾಗಲಗಿದ್ದ