ಹಾಯಿದೋಣಿಯಲ್ಲಿ ಗೊರಕೆ

ಪ್ರೀತಿಯ ಅತ್ತಿಗೆ,

ಬೆನ್ನಿನ ಆಪರೇಷನ್ ಆದಮೇಲೆ ನಿಮ್ಮ ತಮ್ಮ ಕುರ್ಚಿಯಲ್ಲೇ ಕೂತು ನಿದ್ದೆ ಮಾಡ್ತಿದ್ದರು. "ನಮ್ಮ ಹಾಯಿದೋಣಿಯ ಆ ಗೂಡಲ್ಲಿ ಇನ್ನು ಮಲಗೋಕಾಗಲ್ಲ, ಮಾರಿಬಿಡೋಣ" ಅಂತ ಒಬ್ಬರಿಗೆ ದೋಣಿ ತೋರಿಸಿಯೂ ಇದ್ದರು. ನೀವು ಬಂದು ದೋಣಿಯೊಳಗಿನ ಎರಡು ಬೆಂಚುಗಳ ನಡುವೆ ಹಲಗೆ ಕೂರಿಸಿ, ಗಟ್ಟಿ ಹಾಸಿಗೆ ಹೊಲಿದು ಹಾಕಿದಾಗಲೂ ಗೊಣಗಿದರು.

ನಿನ್ನೆ ಮಧ್ಯಾಹ್ನ "ಸುಮ್ಮನೆ ನೋಡ್ತೀನಿ" ಅಂತ ಅದರ ಮೇಲೆ ಒರಗಿದವರು ಕಾಲು ಚಾಚಿ ಗೊರಕೆ ಹೊಡೆದರು! ಕೇಳ್ತಾ ಕೇಳ್ತಾ ನನಗೆ ಅಳು ಬಂತು. ಎದ್ದವರೇ ದೋಣಿ ನೋಡಿಹೋಗಿದ್ದ ಆ ಮನುಷ್ಯನಿಗೆ ಫೋನ್ ಮಾಡಿ, "ದೋಣಿ ಕೊಡಲ್ಲ" ಅಂದರು.

ದೋಣಿ ಕಿರಿದಾಗುವ ಕಡೆ ಹಾಸಿಗೆಯ ಮೂಲೆ ಮಡಚಿಕೊಳ್ಳುತ್ತೆ. ಬರುವಾಗ ನಿಮ್ಮ ದೊಡ್ಡ ಕತ್ತರಿ ತನ್ನಿ.

ನಿಮಗೆ ಹೇಗೆ ಥ್ಯಾಂಕ್ಸ್ ಹೇಳಲಿ? ರಾತ್ರಿ ಅವರು ಆ ಹಾಸಿಗೆಯಲ್ಲೇ ದೋಣಿಯ ಗೋಡೆ ಕಡೆ ಸರಿದು, "ನೀನೂ ಬಾ, ಜಾಗ ಇದೆ" ಅಂದರು.

ನಿಮ್ಮ
ತಮ್ಮನ ಹೆಂಡತಿ