ಕಾರ್ಡ್ ಯಾರ ಕಡೆಗೆ ತಿರುಗಿತ್ತು

ಬುಧವಾರ, ರಾತ್ರಿ

ಓದೋದು ಬಿಟ್ಟು ಬರೀತಾ ಕೂತಿದ್ದಕ್ಕೆ ಸಾರಿ ಡೈರಿ, ಆದರೆ ತಲೆ ಕೆಟ್ಟುಹೋಗಿದೆ. ಅಕೌಂಟ್ಸ್ ಬಿಟ್ಟು ಸೈಕಾಲಜಿ ತಗೊಳ್ಳೋಕೆ ನಾಳೆಯೇ ಕೊನೆ ದಿನ. ಬದಲಾಯಿಸ್ಲಾ ಬೇಡ್ವಾ ಅಂತ ರೂಮ್‌ಮೇಟ್ ಹತ್ತಿರ ಟ್ಯಾರೋ ಕಾರ್ಡಲ್ಲಿ ಭವಿಷ್ಯ ಕೇಳಿದ್ದು ನನ್ನದೇ ತಪ್ಪು. ಬಂದಿದ್ದು ಡೆತ್ ಕಾರ್ಡ್. ಬಿಳಿ ಕುದುರೆ ಮೇಲೆ ಅಸ್ಥಿಪಂಜರ, ಕೆಳಗೆ ಸತ್ತು ಬಿದ್ದ ರಾಜ.

"ಹೆದರ್ಬೇಡ, ಸಾವಲ್ಲ ಕಣೇ, ಬದಲಾವಣೆ. ಹಿಂದೆ ಸೂರ್ಯ ಹುಟ್ತಿದ್ದಾನೆ ನೋಡು," ಅಂದಳು. ಹೋದ ಜೀವ ಬಂತು. ತಕ್ಷಣ, "ಅಯ್ಯೋ, ನಿನ್ನ ಕಡೆಯಿಂದ ತಲೆಕೆಳಗಾಗಿದೆ. ಹಾಗಾದ್ರೆ ಅರ್ಥಾನೂ ಉಲ್ಟಾ, ಬದಲಾವಣೆ ಬೇಡ ಅಂತ," ಅಂದಳು.

"ಎದುರುಬದುರು ಕೂತಿದ್ದೀವಲ್ಲೇ, ಒಬ್ಬರಿಗೆ ತಲೆಕೆಳಗಾಗದೆ ಇನ್ನೇನಾಗುತ್ತೆ?"

"ಸರಿ, ಇನ್ನೊಂದು ತೆಗಿ."

"ಚೆನ್ನಾಗಿರೋದು ಬರೋವರೆಗೂ ತೆಗೀತಾನೇ ಇರ್ಲಾ?"

ರೇಗಿ ಎದ್ದುಬಂದೆ. ಆದರೆ ಇಷ್ಟು ರೇಗಿದ್ದು ಯಾಕೆ? ಬದಲಾವಣೆ ಅಂದಾಗ ಖುಷಿಯಾಗಿತ್ತು, ಅವಳು ಅದನ್ನ ಕಿತ್ಕೊಂಡಳು, ಅದಕ್ಕೆ. ಚಿಕ್ಕಂದಿನಿಂದ ಹಾಸ್ಟೆಲ್, ಬೆಲ್ ಹೊಡೆದರೆ ಏಳೋದು, ಬೆಲ್ ಹೊಡೆದರೆ ಮಲಗೋದು. ನಿನಗೇನು ಬೇಕು ಅಂತ ಯಾರೂ ಕೇಳಲಿಲ್ಲ, ಕೊನೆಗೆ ಒಂದು ರಟ್ಟಿನ ಕುದುರೆ ಕೇಳಬೇಕಾಯ್ತು!

ಅಪ್ಪನಿಗೆ ಮೆಸೇಜ್ ಹಾಕಿದ್ದೀನಿ: ಅಪ್ಪಾ, ನನಗೆ ಸೈಕಾಲಜಿ ಓದಬೇಕು. ನಾಳೆ ಮಧ್ಯಾಹ್ನದೊಳಗೆ ನಿಮ್ಮ ಒಪ್ಪಿಗೆ ಬೇಕು. ದಯವಿಟ್ಟು ಬೇಗ ರಿಪ್ಲೈ ಮಾಡಿ.